ಎಲ್ ಫಾಶರ್‌ನಲ್ಲಿ ನಮ್ಮವರು ಇದ್ದಾಗ, ಇಲ್ಲದಾಗ

(ವಿಜಯನಗರ ಬಳಿಯ ಮಸೀದಿಯೊಂದರಲ್ಲಿ ನವೆಂಬರ್ 2025ರ ಎರಡನೇ ಜುಮಾದಂದು ನೀಡಿದ ಕನ್ನಡ ಪ್ರವಚನದ ಬರಹ ರೂಪ)

 



ಎರಡು ವಾರದ ಹಿಂದೆ ನಮಾಝ್ ಮುಗಿದು ಎಲ್ಲರೂ ಮೆಟ್ಟಿಲ ಬಳಿ ಚಪ್ಪಲಿ ಹುಡುಕುತ್ತಿದ್ದಾಗ ಒಬ್ಬ ಹುಡುಗ ನನ್ನ ಕೈ ಹಿಡಿದು ನಿಲ್ಲಿಸಿದ. ಮೈಸೂರು ರಸ್ತೆ ಕಡೆಯ ಒಂದು ಕಾಲೇಜಿನಲ್ಲಿ ಓದುತ್ತಿರುವ ಸುಡಾನಿ ವಿದ್ಯಾರ್ಥಿ. ನಿಮ್ಮಲ್ಲಿ ಹಲವರು ಅವನನ್ನು ನೋಡಿರುತ್ತೀರಿ, ಯಾವಾಗಲೂ ಹಿಂದಿನ ಸಾಲಿನಲ್ಲಿ ಕಂಬದ ಪಕ್ಕ ಕೂರುತ್ತಾನೆ. ಸ್ವಲ್ಪ ಇಂಗ್ಲಿಷ್, ಸ್ವಲ್ಪ ಉರ್ದು, ಉಳಿದದ್ದು ಅರಬಿ. ಅವನು ಹೇಳಿದ್ದರ ಸಾರ ಇಷ್ಟು: "ಹಝ್ರತ್, ನೀವು ದುಆದಲ್ಲಿ ಗಾಝಾ ಎಂದಿರಿ. ಎಲ್ಲರೂ ಆಮೀನ್ ಎಂದರು, ನಾನೂ ಮನಸ್ಸಾರೆ ಹೇಳಿದೆ. ಆದರೆ ಈ ಮಸೀದಿಗೆ ಎರಡು ವರ್ಷದಿಂದ ಬರುತ್ತಿದ್ದೇನೆ. ನಮ್ಮ ದೇಶದ ಹೆಸರು ಒಂದು ಸಲವೂ ನನ್ನ ಕಿವಿಗೆ ಬೀಳಲಿಲ್ಲ."

ಅವನಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ನನಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಮನೆಗೆ ಹೋಗಿ ನನ್ನ ಖುತ್ಬಾದ ಟಿಪ್ಪಣಿ ಪುಸ್ತಕ ತಿರುವಿ ಹಾಕಿದೆ. ಏಪ್ರಿಲ್ 2023ರಿಂದ ಈಚೆಗೆ ಸುಡಾನ್ ಎಂಬ ಪದ ಎಲ್ಲೂ ಇಲ್ಲ. ಹುಡುಗ ಹೇಳಿದ್ದು ನಿಜ.

ಆದ್ದರಿಂದ ಇವತ್ತಿನ ಮಾತು ಆ ಯುದ್ಧದ ಬಗ್ಗೆ. ಅಷ್ಟು ದೂರದ ಯುದ್ಧವನ್ನು ನಿಲ್ಲಿಸಲು ವಿಜಯನಗರದಲ್ಲಿ, ರಾಜಾಜಿನಗರದಲ್ಲಿ, ಕೆಂಗೇರಿಯಲ್ಲಿ ಕುಳಿತ ನಮ್ಮಿಂದ ಏನಾದರೂ ಆಗುತ್ತದೆಯೇ ಎಂಬುದರ ಬಗ್ಗೆ.

ಸಂಗತಿ ತಿಳಿಯದವರಿಗಾಗಿ ಸಂಕ್ಷಿಪ್ತವಾಗಿ ಹೇಳುತ್ತೇನೆ. ಸುಡಾನಿನಲ್ಲಿ ಇಬ್ಬರು ಸೇನಾ ನಾಯಕರು. ಒಬ್ಬರು ದೇಶದ ಸೇನೆಯ ಮುಖ್ಯಸ್ಥ ಅಬ್ದುಲ್ ಫತ್ತಾಹ್ ಬುರ್ಹಾನ್. ಇನ್ನೊಬ್ಬರು ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ಮುಖ್ಯಸ್ಥ ಮುಹಮ್ಮದ್ ಹಮ್ದಾನ್ ದಗಲೊ, ಜನ ಕರೆಯುವುದು ಹಮೀದ್ತಿ ಎಂದು. 2019ರಲ್ಲಿ ಜನಸಾಮಾನ್ಯರು, ಅದರಲ್ಲೂ ಹೆಣ್ಣುಮಕ್ಕಳು ಬೀದಿಗಿಳಿದು ಸರ್ವಾಧಿಕಾರಿ ಉಮರ್ ಬಶೀರ್ ಅವರನ್ನು ಕೆಳಗಿಳಿಸಿದ್ದರು. 2021ರ ಅಕ್ಟೋಬರ್‌ನಲ್ಲಿ ಈ ಇಬ್ಬರೂ ಒಟ್ಟಾಗಿ ಜನರ ಕೈಯಿಂದ ಅಧಿಕಾರ ಕಿತ್ತುಕೊಂಡರು. ಆಮೇಲೆ ಯಾರು ದೊಡ್ಡವರು ಎಂದು ತಮ್ಮತಮ್ಮಲ್ಲೇ ಕಾದಾಟಕ್ಕಿಳಿದರು. 2023ರ ಏಪ್ರಿಲ್ 15, ರಮಝಾನಿನ ಕೊನೆಯ ಹತ್ತು ದಿನಗಳು. ಜನ ಉಪವಾಸದಲ್ಲಿದ್ದರು. ಬಂದೂಕು ಹಿಡಿದ ಎರಡೂ ಕಡೆಯ ಹುಡುಗರು ಒಂದೇ ಕಿಬ್ಲಾ ಕಡೆ ತಿರುಗಿ ನಮಾಝ್ ಮಾಡುವವರು.

ಅಂದಿನಿಂದ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮಂದಿ ಮನೆ ಬಿಟ್ಟಿದ್ದಾರೆ ಎನ್ನುತ್ತದೆ ವಿಶ್ವಸಂಸ್ಥೆ. ನಮ್ಮ ಬೆಂಗಳೂರು ಮಹಾನಗರ ಪೂರ್ತಿ ಖಾಲಿಯಾದಂತೆ ಎಂದು ಲೆಕ್ಕ ಹಾಕಿಕೊಳ್ಳಿ. ದಾರ್‌ಫುರ್ ಪ್ರಾಂತದ ಎಲ್ ಫಾಶರ್ ಎಂಬ ನಗರವನ್ನು ಆರ್‌ಎಸ್‌ಎಫ್ ಸುಮಾರು 18 ತಿಂಗಳು ಮುತ್ತಿಗೆ ಹಾಕಿತ್ತು. ಊರ ಸುತ್ತ ಮಣ್ಣಿನ ಏರಿ ಕಟ್ಟಿ ಧಾನ್ಯ, ಔಷಧ ಒಳಗೆ ಹೋಗದಂತೆ ತಡೆದರು. ಒಳಗಿದ್ದವರು ಕೊನೆಗೆ ತಿಂದದ್ದು ಗಾಣದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿ. ನಮ್ಮಲ್ಲಿ ದನಕ್ಕೆ ಹಾಕುತ್ತೇವಲ್ಲ, ಅದೇ. ಸೆಪ್ಟೆಂಬರ್ 19, ಅದೂ ಶುಕ್ರವಾರ, ಫಜ್ರ್ ನಮಾಝ್‌ಗೆ ಸೇರಿದ್ದ ಮಸೀದಿಯೊಂದರ ಮೇಲೆ ಡ್ರೋನ್ ದಾಳಿ ಆಗಿ 70ಕ್ಕೂ ಹೆಚ್ಚು ಜನ ಸತ್ತರು. ಆ ದಿನ ನಾನು ಇದೇ ಮಿಂಬರ್ ಮೇಲೆ ನಿಂತು ಬೇರೇನೋ ಮಾತಾಡಿದ್ದೇನೆ. ಅಕ್ಟೋಬರ್ 26ರಂದು ಆ ನಗರ ಆರ್‌ಎಸ್‌ಎಫ್ ಕೈಗೆ ಬಿತ್ತು. ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳು, ಅವರ ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಮಂದಿಯನ್ನು ಕೊಂದ ವರದಿ ಬಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಎಲ್ ಫಾಶರ್! ಈ ಹೆಸರನ್ನು ಹಿಂದೆ ಕೇಳಿದ ನೆನಪು ನಿಮಗೆ ಇದೆಯೇ? ಕರ್ನಾಟಕದವರಾದ ನಮಗೆ ಇರಬೇಕಿತ್ತು.

ಯುದ್ಧ ಶುರುವಾದ ಆ ವಾರ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಸಮುದಾಯದ 30ಕ್ಕೂ ಹೆಚ್ಚು ಮಂದಿ ಅದೇ ಎಲ್ ಫಾಶರ್‌ನ ಬಾಡಿಗೆ ಮನೆಗಳಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಹುಣಸೂರು, ಚನ್ನಗಿರಿ, ಶಿವಮೊಗ್ಗ ಕಡೆಯವರು. ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ ಮಾರುತ್ತ ಆಫ್ರಿಕಾದ ಊರೂರು ತಿರುಗುವ ಬಡವರು. ಹೊರಗೆ ಗುಂಡಿನ ಸದ್ದು, ಒಳಗೆ ಕುಡಿಯಲು ನೀರಿಲ್ಲ. ಅವರು ಮೊಬೈಲಿನಲ್ಲಿ ಚಾರ್ಜ್ ಇರುವ ತನಕ ಊರಿಗೆ ಫೋನ್ ಮಾಡಿದರು, ವಿಡಿಯೊ ಕಳಿಸಿದರು. ಇಲ್ಲಿ ಚುನಾವಣೆಯ ಕಾಲ. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಟ್ವೀಟ್ ಮಾಡಿದರು, ವಿದೇಶಾಂಗ ಸಚಿವರು ಇದರಲ್ಲಿ ರಾಜಕೀಯ ಬೇಡ ಎಂದು ತಿರುಗೇಟು ಕೊಟ್ಟರು, ಟಿವಿಯಲ್ಲಿ ಚರ್ಚೆ ಕಾವೇರಿತು. ಗದ್ದಲದಲ್ಲಿ ಯಾರು ಸರಿ ಎಂಬುದು ಇವತ್ತಿಗೆ ಬೇಡ. ಗದ್ದಲ ಆಯಿತು, ಕೆಲಸವೂ ಆಯಿತು. ಅಷ್ಟು ಸಾಕು. ಸರಕಾರ 'ಆಪರೇಷನ್ ಕಾವೇರಿ' ಹೆಸರಿನಲ್ಲಿ ಹಡಗು, ವಿಮಾನ ಕಳಿಸಿತು. ಪೋರ್ಟ್ ಸುಡಾನಿನಿಂದ ಜಿದ್ದಾ, ಅಲ್ಲಿಂದ ಭಾರತ. ಸುಮಾರು 3,800 ಭಾರತೀಯರು ಬಂದರು. ಏಪ್ರಿಲ್ ಕೊನೆಯಲ್ಲಿ ನಮ್ಮ ಬೆಂಗಳೂರಿಗೇ ವಿಮಾನ ಬಂದಿಳಿಯಿತು. ಅಲ್ಹಮ್ದುಲಿಲ್ಲಾಹ್.

ಅದರೊಂದಿಗೆ ನಾವು ಟಿವಿ ಆರಿಸಿದೆವು. ಆ ಬಾಡಿಗೆ ಮನೆಗಳ ಮಾಲೀಕರು, ಪಕ್ಕದ ಮನೆಯವರು, ಇವರಿಂದ ಎಣ್ಣೆ ಕೊಳ್ಳುತ್ತಿದ್ದ ಹೆಂಗಸರು ಅಲ್ಲೇ ಉಳಿದರು. ಎರಡೂವರೆ ವರ್ಷದ ನಂತರ ಹಿಂಡಿ ತಿಂದವರು ಅವರೇ. ನಮ್ಮವರು ಎಲ್ ಫಾಶರ್‌ನಲ್ಲಿ ಇದ್ದಾಗ ನಮಗೆ ದನಿ ಇತ್ತು. ನಮ್ಮವರು ಅಲ್ಲಿ ಇಲ್ಲವಾದ ಕೂಡಲೇ ದನಿ ಹೋಯಿತು. 'ನಮ್ಮವರು' ಎಂದರೆ ಯಾರು ಎಂಬ ಪ್ರಶ್ನೆಯನ್ನು ಆ ಹುಡುಗ ನನಗೆ ಕೇಳಿದ್ದು.

ಗಾಝಾಕ್ಕಾಗಿ ನಾವು ಬಾಯಿ ಬಿಟ್ಟೆವಲ್ಲ, ಸುಡಾನಿಗೆ ಯಾಕೆ ಬಿಡಲಿಲ್ಲ? ನಾನು ನನ್ನನ್ನೇ ಕೇಳಿಕೊಂಡೆ. ಗಾಝಾದಲ್ಲಿ ಹೊಡೆಯುವವನು ಬೇರೆಯವನು. ಸಿಟ್ಟು ಬರುವುದು ಸುಲಭ, ಆ ಸಿಟ್ಟು ನ್ಯಾಯವಾದದ್ದೇ. ಸುಡಾನಿನಲ್ಲಿ ಹೊಡೆಯುವವನೂ ಹೊಡೆಸಿಕೊಳ್ಳುವವನೂ ನಮ್ಮವನೇ. ಆಗ ನಾವು 'ಫಿತ್ನಾ' ಎಂದು ಒಂದು ಪದ ಹೇಳಿ ಚಾಪೆ ಮಡಚಿಬಿಡುತ್ತೇವೆ.

ಪವಿತ್ರ ಕುರ್‌ಆನ್ ಹಾಗೆ ಬಿಡುವುದಿಲ್ಲ. ಸೂರಃ ಅಲ್ ಹುಜುರಾತ್‌ನ 9ನೆಯ ಸೂಕ್ತದ ತಾತ್ಪರ್ಯ ನಿಮಗೆಲ್ಲ ಗೊತ್ತು: ವಿಶ್ವಾಸಿಗಳ ಎರಡು ಗುಂಪುಗಳು ಕಾದಾಡಿದರೆ ಅವರ ನಡುವೆ ಸಂಧಾನ ಮಾಡಿಸಬೇಕು, ಒಂದು ಗುಂಪು ಅತಿಕ್ರಮಿಸಿದರೆ ಅದನ್ನು ತಡೆಯಬೇಕು, ಅದು ಮರಳಿದರೆ ನ್ಯಾಯದಿಂದ ರಾಜಿ ಮಾಡಿಸಬೇಕು. ಇಲ್ಲಿ ಆಜ್ಞೆ ಯಾರಿಗೆ ಎಂಬುದನ್ನು ಗಮನಿಸಿ. ಕಾದಾಡುತ್ತಿರುವ ಇಬ್ಬರಿಗಲ್ಲ. ನಿಂತು ನೋಡುತ್ತಿರುವ ಮೂರನೆಯವರಿಗೆ. ನಮಗೆ.

ಈ ಸೂಕ್ತದ ಹಿನ್ನೆಲೆಯಾಗಿ ಬುಖಾರಿಯಲ್ಲಿ ಬರುವ ಪ್ರಸಂಗ ಎಷ್ಟು ಚಿಕ್ಕದು ನೋಡಿ. ಮದೀನಾದಲ್ಲಿ ಎರಡು ಕಡೆಯವರಿಗೆ ಮಾತಿಗೆ ಮಾತು ಬೆಳೆದು ಖರ್ಜೂರದ ಕಡ್ಡಿ, ಕೈ, ಚಪ್ಪಲಿಗಳಿಂದ ಹೊಡೆದಾಡಿಕೊಂಡರು. ನಮ್ಮ ಬೀದಿಯಲ್ಲಿ ಗಾಡಿ ನಿಲ್ಲಿಸುವ ಜಗಳದಂತೆ. ಆದರೆ ಔಸ್ ಮತ್ತು ಖಝ್‌ರಜ್ ಗೋತ್ರಗಳು ಅದಕ್ಕೆ ಮೊದಲು ತಲೆಮಾರುಗಟ್ಟಲೆ ಕತ್ತಿ ಹಿಡಿದು ಕಾದಿದ್ದವು. ಚಪ್ಪಲಿ ಜಗಳ ಮತ್ತೆ ಕತ್ತಿಗೆ ಹೋಗಲು ಎಷ್ಟು ಹೊತ್ತು ಬೇಕು ಎಂಬುದು ಪ್ರವಾದಿಯವರಿಗೆ(ಸ) ಗೊತ್ತಿತ್ತು. ಅತ್ಯಾಚಾರಿಯಾದ ಸಹೋದರನಿಗೂ ನೆರವಾಗಿ, ಅಂದರೆ ಅವನ ಕೈ ಹಿಡಿದು ತಡೆಯಿರಿ ಎಂಬ ಅರ್ಥದ ಹದೀಸನ್ನು ಕೂಡ ಬುಖಾರಿಯಲ್ಲೇ ಓದಿದ್ದೇವೆ.

"ಸರಿ ಹಝ್ರತ್, ಕೈ ಹಿಡಿಯಲು ಕೈಗೆ ಎಟುಕಬೇಕಲ್ಲ, ನಾವೆಲ್ಲಿ, ದಾರ್‌ಫುರ್ ಎಲ್ಲಿ" ಎಂದು ಕಮಿಟಿಯ ಹಿರಿಯರೊಬ್ಬರು ನನಗೆ ಕೇಳಿದರು. ನ್ಯಾಯವಾದ ಪ್ರಶ್ನೆ. ಜನಸಾಮಾನ್ಯರ ಕೂಗಿಗೆ ಯುದ್ಧ ನಿಂತ ಉದಾಹರಣೆ ಇದೆಯೇ? ಒಂದು ಇದೆ. ಅದು ಶುರುವಾದದ್ದರಲ್ಲಿ ಜುಮಾದ ಪಾಲೂ ಇರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಪಶ್ಚಿಮ ಆಫ್ರಿಕಾದಲ್ಲಿ ಲೈಬೀರಿಯಾ ಎಂಬ ಚಿಕ್ಕ ದೇಶ. 1989ರಿಂದ 2003ರ ತನಕ, ನಡುವೆ ಸ್ವಲ್ಪ ಕಾಲ ಬಿಟ್ಟರೆ, ಒಟ್ಟು 14 ವರ್ಷ ಅಂತರ್ಯುದ್ಧ. ಸುಮಾರು ಎರಡೂವರೆ ಲಕ್ಷ ಜನ ಸತ್ತರು. ಹತ್ತು ವರ್ಷದ ಮಕ್ಕಳ ಕೈಗೆ ಬಂದೂಕು ಕೊಟ್ಟಿದ್ದರು. 2002ರಲ್ಲಿ ರಾಜಧಾನಿ ಮನ್ರೋವಿಯಾದ ಒಂದು ಚರ್ಚಿನಲ್ಲಿ ಲೇಮಾ ಬೋವಿ ಎಂಬ ಸಮಾಜ ಕಾರ್ಯಕರ್ತೆ ಹೆಂಗಸರನ್ನು ಸೇರಿಸಿ ಪ್ರಾರ್ಥನೆ ಶುರು ಮಾಡಿದರು. ಆ ಸಭೆಗೆ ಬಂದಿದ್ದವರಲ್ಲಿ ಒಬ್ಬ ಮುಸ್ಲಿಮ್ ಮಹಿಳೆ, ಪೊಲೀಸ್ ಇಲಾಖೆಯಲ್ಲಿದ್ದ ಅಸಾತು ಬಾ ಕೆನೆತ್. ಅವರು ಎದ್ದು ನಿಂತು, ನಾನು ಮುಸ್ಲಿಮ್ ಹೆಂಗಸರನ್ನು ಕರೆತರುತ್ತೇನೆ ಎಂದರು. ತಂದರು ಕೂಡ. ಎರಡೂ ಕಡೆ ಗೊಣಗಾಟ ಇತ್ತು. ಅವರೊಂದಿಗೆ ನಾವು ಕೂತರೆ ನಮ್ಮ ಈಮಾನ್ ಏನಾಗುತ್ತದೆ ಎಂದು ಇವರು, ನಮ್ಮ ನಂಬಿಕೆ ಏನಾಗುತ್ತದೆ ಎಂದು ಅವರು. ನಮಗೆ ಗೊತ್ತಿಲ್ಲದ ಗೊಣಗಾಟವೇನಲ್ಲ ಅದು.

ಆಮೇಲೆ ಅವರು ಮಾಡಿದ್ದು ಇಷ್ಟೇ. ಶುಕ್ರವಾರ ಜುಮಾ ಹೊತ್ತಿಗೆ ಮಸೀದಿಗಳ ಬಾಗಿಲಿಗೆ ಹೋಗುವುದು, ಶನಿವಾರ ಸಂತೆಗೆ, ಭಾನುವಾರ ಚರ್ಚಿಗೆ. ಚೀಟಿ ಹಂಚುವುದು, ಓದು ಬಾರದವರಿಗೆ ಚಿತ್ರ ತೋರಿಸುವುದು, ಒಬ್ಬೊಬ್ಬ ಹೆಂಗಸಿನ ಹತ್ತಿರ ನಿಂತು ಮಾತಾಡುವುದು. ಸುಮಾರು ಆರು ತಿಂಗಳು ಹೀಗೆ. ಯಾವ ಪತ್ರಿಕೆಯಲ್ಲೂ ಸುದ್ದಿಯಾಗದ ಆರು ತಿಂಗಳು. 2003ರ ಏಪ್ರಿಲ್‌ನಲ್ಲಿ ಸಾವಿರಾರು ಹೆಂಗಸರು ಬಿಳಿ ಅಂಗಿ ತೊಟ್ಟು, ತಲೆಗೆ ಬಿಳಿ ಬಟ್ಟೆ ಕಟ್ಟಿ, ಮೀನು ಮಾರುಕಟ್ಟೆಯ ಪಕ್ಕದ ಬಯಲಿನಲ್ಲಿ ಕುಳಿತರು. ಅಧ್ಯಕ್ಷ ಚಾರ್ಲ್ಸ್ ಟೇಲರ್ ದಿನವೂ ಓಡಾಡುವ ರಸ್ತೆ ಅದು. ಬಿಸಿಲು, ಆಮೇಲೆ ಮಳೆ. ಎದ್ದು ಹೋಗಲಿಲ್ಲ. ಕೊನೆಗೆ ಟೇಲರ್ ಅವರನ್ನು ಕರೆದು ಮಾತಾಡಿಸಲೇಬೇಕಾಯಿತು. ಬಂಡುಕೋರರ ಮೇಲೂ ಇವರು ಅಷ್ಟೇ ಒತ್ತಡ ಹಾಕಿದರು. ಜೂನ್‌ನಲ್ಲಿ ಘಾನಾ ದೇಶದಲ್ಲಿ ಮಾತುಕತೆ ಶುರುವಾದಾಗ ಒಂದಷ್ಟು ಹೆಂಗಸರು ಅಲ್ಲಿಗೂ ಹೋದರು. ವಾರಗಳು ಕಳೆದವು, ನಾಯಕರು ಹೋಟೆಲಿನ ಊಟ ಮಾಡುತ್ತ ಕಾಲ ತಳ್ಳುತ್ತಿದ್ದರು. ಒಂದು ದಿನ ಈ ಹೆಂಗಸರು ಸಭಾಂಗಣದ ಬಾಗಿಲಿಗೆ ಅಡ್ಡಲಾಗಿ ಕೈಕೈ ಹಿಡಿದು ಕುಳಿತು, ಒಪ್ಪಂದವಾಗುವ ತನಕ ಒಬ್ಬರನ್ನೂ ಹೊರಗೆ ಬಿಡುವುದಿಲ್ಲ ಎಂದರು. ಮಧ್ಯಸ್ಥಿಕೆ ವಹಿಸಿದ್ದವರು ನೈಜೀರಿಯಾದ ಮಾಜಿ ಅಧ್ಯಕ್ಷ ಅಬ್ದುಸ್ಸಲಾಮಿ ಅಬೂಬಕರ್. ಅವರು ಹೆಂಗಸರನ್ನು ಓಡಿಸುವ ಬದಲು ಒಳಗಿದ್ದ ನಾಯಕರಿಗೇ ಬುದ್ಧಿ ಹೇಳಿದರು. ಆಗಸ್ಟ್ 11ರಂದು ಟೇಲರ್ ರಾಜೀನಾಮೆ ಕೊಟ್ಟರು, ಆಗಸ್ಟ್ 18ರಂದು ಒಪ್ಪಂದಕ್ಕೆ ಸಹಿ ಬಿತ್ತು.

ಹೆಂಗಸರು ಕುಳಿತದ್ದರಿಂದಲೇ ಯುದ್ಧ ನಿಂತಿತು ಎಂದು ನಾನು ಉತ್ಪ್ರೇಕ್ಷೆ ಮಾಡಲಾರೆ. ಟೇಲರ್ ಮೇಲೆ ಯುದ್ಧಾಪರಾಧದ ಆರೋಪಪಟ್ಟಿ ಇತ್ತು, ಬಂಡುಕೋರರು ರಾಜಧಾನಿಯ ಬಾಗಿಲಿಗೆ ಬಂದಿದ್ದರು, ಹೊರಗಿನ ಸೈನ್ಯದ ಒತ್ತಡವೂ ಇತ್ತು. ಆದರೆ ಅಂಥ ಒತ್ತಡಗಳು ಹಿಂದೆಯೂ ಬಂದಿದ್ದವು, ಒಪ್ಪಂದಗಳು ಆಗಿ ಮುರಿದಿದ್ದವು. ಈ ಸಲ ಮುರಿಯದಂತೆ ಕಾವಲು ಕೂತವರು ಈ ಬಿಳಿ ಅಂಗಿಯವರು. 2011ರಲ್ಲಿ ಲೇಮಾ ಬೋವಿಯವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅದನ್ನು ಹಂಚಿಕೊಂಡವರಲ್ಲಿ ಯಮನ್ ದೇಶದ ತವಕ್ಕುಲ್ ಕರ್ಮಾನ್ ಕೂಡ ಒಬ್ಬರು.

ಅವರು ತಮ್ಮ ದೇಶದ ಯುದ್ಧ ನಿಲ್ಲಿಸಿದರು, ನಮ್ಮದು ಪರದೇಶದ ಯುದ್ಧ, ಅಲ್ಲವೇ? ಪರದೇಶದ ಯುದ್ಧಕ್ಕಾಗಿ ನಮ್ಮ ಅಜ್ಜಂದಿರೂ ಬೀದಿಗಿಳಿದಿದ್ದರು. 1920ರ ಆಗಸ್ಟ್‌ನಲ್ಲಿ ಗಾಂಧೀಜಿ ಮತ್ತು ಮೌಲಾನಾ ಶೌಕತ್ ಅಲಿ ಖಿಲಾಫತ್ ಪರವಾಗಿ ಮಾತಾಡುತ್ತ ಮಂಗಳೂರಿಗೆ ಬಂದರು, ಎರಡು ದಿನ ಕಳೆದು ಬೆಂಗಳೂರಿಗೆ ಬಂದರು. ಮೊದಲ ಮಹಾಯುದ್ಧ ಮುಗಿದರೂ ತುರ್ಕಿಯನ್ನು ಹರಿದು ಹಂಚಿಕೊಳ್ಳುವುದು ಮುಗಿದಿರಲಿಲ್ಲ. ಆ ಅನ್ಯಾಯದ ವಿರುದ್ಧ ಇಲ್ಲಿಯ ಹಿಂದೂಗಳೂ ಮುಸ್ಲಿಮರೂ ಒಂದೇ ವೇದಿಕೆಯಲ್ಲಿ ನಿಂತರು. ಅದು ನಮಗೆ ಹೆಮ್ಮೆಯ ವಿಷಯ. ಆದರೆ ಅದೇ ವರ್ಷ ಸಿಂಧ್, ಸರಹದ್ದಿನ ಪ್ರಾಂತದ ಸಾವಿರಾರು ಜನ ಆವೇಶದಲ್ಲಿ ಮನೆ ಮಾರಿ ಹಿಜ್ರತ್ ಎಂದು ಅಫ್ಘಾನಿಸ್ತಾನಕ್ಕೆ ಹೊರಟು, ದಾರಿಯಲ್ಲೇ ಹಾಳಾದರು. 1924ರಲ್ಲಿ ತುರ್ಕರೇ ಖಿಲಾಫತನ್ನು ರದ್ದು ಮಾಡಿದಾಗ ಇಲ್ಲಿ ಚಂದಾ ಎತ್ತಿದವರಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಲ್ಲಿಯವರಿಗೆ ಏನು ಬೇಕು ಎಂದು ಅಲ್ಲಿಯವರನ್ನೇ ಕೇಳದೆ ನಾವು ಅವರ ಪರವಾಗಿ ಕೂಗಿದರೆ ಹೀಗಾಗುತ್ತದೆ.

ಆದ್ದರಿಂದ ನಾನು ಆ ಹುಡುಗನನ್ನು ಮನೆಗೆ ಕರೆದು ಕೂರಿಸಿಕೊಂಡೆ. ನಮ್ಮ ಮನೆಯವರು ಕುಷ್ಕಾ ಮಾಡಿದ್ದರು. "ನಿನಗೆ ಯಾರು ಗೆಲ್ಲಬೇಕು?" ಎಂದು ಕೇಳಿದೆ. ಅವನು ತಟ್ಟೆ ನೋಡುತ್ತ, "ಅಮ್ಮ ಗೆಲ್ಲಬೇಕು" ಎಂದ. ಅವನ ತಾಯಿ ಒಂದು ಬೀದಿ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾರಂತೆ.

ಆ ಅಡುಗೆಮನೆಗಳ ಬಗ್ಗೆ ನೀವು ತಿಳಿಯಬೇಕು. ಬಶೀರ್ ವಿರುದ್ಧ ಹೋರಾಡಿದ್ದ ಮೊಹಲ್ಲಾ ಸಮಿತಿಗಳ ಯುವಕ ಯುವತಿಯರೇ ಯುದ್ಧ ಬಂದ ಮೇಲೆ ತುರ್ತು ನೆರವಿನ ಗುಂಪುಗಳಾದರು. ದೊಡ್ಡ ದೊಡ್ಡ ಸಂಸ್ಥೆಗಳು ಹೋಗಲಾಗದ ಕಡೆ ಇವರೇ ದೊಡ್ಡ ಪಾತ್ರೆ ಇಟ್ಟು ಗಂಜಿ ಬೇಯಿಸುತ್ತಾರೆ, ಗಾಯಾಳುಗಳನ್ನು ಸಾಗಿಸುತ್ತಾರೆ, ಜನರಿಗೆ ಊರು ಬಿಡಲು ದಾರಿ ಹುಡುಕಿ ಕೊಡುತ್ತಾರೆ. ಎರಡೂ ಸೈನ್ಯಗಳು ಇವರನ್ನು ಅನುಮಾನಿಸಿ ಹಿಡಿದು ಹಾಕಿವೆ, ಕೆಲವರ ಜೀವವೂ ಹೋಗಿದೆ. 2025ರಲ್ಲಿ ಇವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಘೋಷಣೆಯಾಯಿತು. ಸುಡಾನಿನಲ್ಲಿ 'ನಫೀರ್' ಎಂಬ ಹಳೆಯ ಪದ್ಧತಿ ಇದೆಯಂತೆ. ಒಬ್ಬರ ಹೊಲದ ಕೊಯ್ಲಿಗೆ ಕೂಗು ಹಾಕಿದರೆ ಊರೆಲ್ಲ ಬರುವುದು. ನಮ್ಮ ಹಳ್ಳಿಗಳ ಮುಯ್ಯಾಳು ನೆನಪಾಯಿತು ನನಗೆ. ಮಾಗಡಿ ಕಡೆಯ ನಮ್ಮ ತಾತ ರಾಗಿ ಕೊಯ್ಲಿಗೆ ಒಕ್ಕಲಿಗರ ಮನೆಗೆ ಮುಯ್ಯಿಗೆ ಹೋಗುತ್ತಿದ್ದರು, ಅವರು ನಮ್ಮ ಹೊಲಕ್ಕೆ ಬರುತ್ತಿದ್ದರು.

ಹುಡುಗ ಹೇಳಿದ್ದು: ನಮಗೆ ಬೇಕಾದದ್ದು ಮೂರು. ಬಂದೂಕು ನಿಲ್ಲಬೇಕು, ಊಟ ಒಳಗೆ ಹೋಗಲು ದಾರಿ ತೆರೆಯಬೇಕು, ಹೊರಗಿನಿಂದ ಶಸ್ತ್ರ ಬರುವುದು ನಿಲ್ಲಬೇಕು.

ಮೂರನೆಯದು ನಮಗೆ ಕಷ್ಟದ ಮಾತು. ಎರಡೂ ಕಡೆಗೆ ಹೊರಗಿನ ಬೆಂಬಲ ಇದೆ. ಆರ್‌ಎಸ್‌ಎಫ್‌ಗೆ ಯುಎಇ ಮೂಲಕ ಶಸ್ತ್ರ ಹೋಗುತ್ತಿದೆ ಎಂಬ ಆರೋಪ ನಂಬಲರ್ಹ ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2024ರ ಆರಂಭದಲ್ಲೇ ಹೇಳಿತು. ಯುಎಇ ಅದನ್ನು ನಿರಾಕರಿಸುತ್ತ ಬಂದಿದೆ. ಸುಡಾನಿನ ಚಿನ್ನ ಹೆಚ್ಚಾಗಿ ಹೋಗುವುದೂ ಅಲ್ಲಿಗೇ. ನಮ್ಮಲ್ಲಿ ಎಷ್ಟೋ ಮನೆಗಳ ಒಲೆ ದುಬೈ ದುಡ್ಡಿನಿಂದ ಉರಿಯುತ್ತದೆ. ನನ್ನ ತಂಗಿಯ ಮಗ ಶಾರ್ಜಾದಲ್ಲಿದ್ದಾನೆ. ಅದಕ್ಕೇ ಈ ಮಾತು ಹೇಳುವಾಗ ನಾಲಿಗೆ ತಡವರಿಸುತ್ತದೆ, ಮುಚ್ಚಿಡುವುದಿಲ್ಲ. ಅಲ್ಲಿ ಕೆಲಸಕ್ಕಿರುವ ಮಕ್ಕಳಿಗೆ ನನ್ನ ವಿನಂತಿ: ನೀವು ಅಲ್ಲಿಂದ ಪೋಸ್ಟ್ ಹಾಕಬೇಡಿ, ಆ ದೇಶದ ಕಾನೂನು ಕಟ್ಟುನಿಟ್ಟು. ಮಾತಾಡುವ ಹೊಣೆ ಇಲ್ಲಿ ಕುಳಿತಿರುವ ನಮ್ಮದು. ಯಾರನ್ನೂ ಬೈಯಬೇಕಿಲ್ಲ. 'ಯಾವ ದೇಶವೇ ಆಗಲಿ, ಯಾವ ಕಡೆಗೂ ಶಸ್ತ್ರ ಕೊಡಬಾರದು' ಎಂದರೆ ಸಾಕು. ಸತ್ಯ ಹೇಳಲು ಬೈಗುಳ ಬೇಕಾಗಿಲ್ಲ.

ಇನ್ನು ವಿಡಿಯೊಗಳ ವಿಷಯ. ಸಂಧಾನದ ಆಜ್ಞೆ ಇರುವ ಅದೇ ಸೂರಃದಲ್ಲಿ, ಮೂರು ಸೂಕ್ತ ಮೊದಲು, ಸುದ್ದಿ ಬಂದರೆ ಪರಿಶೀಲಿಸಿ ಎಂಬ ಆಜ್ಞೆ ಇದೆ. ಮೊದಲು ಪರಿಶೀಲನೆ, ಆಮೇಲೆ ಸಂಧಾನ. ಕಳೆದ ತಿಂಗಳು ನಾನೇ ತಪ್ಪು ಮಾಡಿದೆ. ಎಲ್ ಫಾಶರ್‌ನದ್ದು ಎಂದು ಬಂದ ವಿಡಿಯೊವೊಂದನ್ನು ನಮ್ಮ ಗುಂಪಿಗೆ ಕಳಿಸಿದೆ. ಅದು ಬೇರೆ ದೇಶದ್ದು, ಹಳೆಯದು. ಪಿಯುಸಿ ಓದುವ ಹುಡುಗಿಯೊಬ್ಬಳು ಅವಳ ತಂದೆಯ ಫೋನಿನಿಂದ ನನಗೆ ವಿನಯದಿಂದಲೇ ತಿಳಿಸಿದಳು. ಅಳಿಸಿದೆ. ಅಷ್ಟರಲ್ಲಿ ಎಷ್ಟು ಕಡೆ ಹೋಗಿತ್ತೋ ಅಲ್ಲಾಹನೇ ಬಲ್ಲ. ನಿಜವಾದ ಹೆಣಗಳ ಮೇಲೆ ಜನರಿಗೆ ನಂಬಿಕೆ ಹೋಗುವುದು ನಮ್ಮ ಇಂಥ ಆತುರದಿಂದ. ಇನ್ನು ಮುಂದೆ ಗುಂಪಿಗೆ ಹೋಗುವ ಯುದ್ಧದ ಸುದ್ದಿಯನ್ನು ಆ ಹುಡುಗಿ ಮತ್ತು ಅವಳ ಗೆಳತಿಯರು ನೋಡಿ ಹೇಳಿದ ಮೇಲೆಯೇ ಹಾಕುವುದು ಎಂದು ಕಮಿಟಿ ಒಪ್ಪಿದೆ. ಮುಫ್ತಿಗಳ ಬದಲು ಪಿಯುಸಿ ಹುಡುಗಿಯರ ಅನುಮತಿಯೇ ಎಂದು ಯಾರೋ ನಕ್ಕರು. ಈ ವಿಷಯದಲ್ಲಿ ಅವರೇ ನಮಗಿಂತ ಬಲ್ಲವರು.

ಈಗ ಮಾಡುವ ಕೆಲಸ ಹೇಳುತ್ತೇನೆ.

ನಮ್ಮ ಮಸೀದಿಗೆ ಬರುವವರು ಮೂರು ಲೋಕಸಭಾ ಕ್ಷೇತ್ರಗಳಿಗೆ ಹಂಚಿಹೋಗಿದ್ದೇವೆ. ವಿಜಯನಗರದವರು ಬೆಂಗಳೂರು ದಕ್ಷಿಣಕ್ಕೆ, ರಾಜಾಜಿನಗರದವರು ಸೆಂಟ್ರಲ್‌ಗೆ, ಕೆಂಗೇರಿಯವರು ಉತ್ತರಕ್ಕೆ. ಇದು ತೊಡಕೆಂದು ಹಿಂದೆ ಅನ್ನಿಸುತ್ತಿತ್ತು, ಈಗ ಅನುಕೂಲವಾಗಿದೆ: ಮೂವರು ಸಂಸದರಿಗೆ ಬರೆಯಬಹುದು. ಅವರು ಯಾವ ಪಕ್ಷದವರು, ನಮ್ಮ ಮಾತು ಕೇಳುತ್ತಾರೋ ಇಲ್ಲವೋ ಎಂಬ ಚರ್ಚೆ ಬೇಡ. ಸಂಸದರು ಸದನದಲ್ಲಿ ಪ್ರಶ್ನೆ ಕೇಳಿದರೆ ವಿದೇಶಾಂಗ ಇಲಾಖೆ ಉತ್ತರ ಕೊಡಲೇಬೇಕು, ಆ ಉತ್ತರ ದಾಖಲೆಯಾಗುತ್ತದೆ. 2023ರಲ್ಲಿ ಹಡಗು ಕಳಿಸಿದ ನಮ್ಮ ದೇಶಕ್ಕೆ ಎರಡೂ ಕಡೆಯವರೊಂದಿಗೆ, ಕೊಲ್ಲಿ ರಾಷ್ಟ್ರಗಳೊಂದಿಗೆ ಮಾತಾಡುವ ಸಂಬಂಧ ಇದೆ. ಅದನ್ನು ಬಳಸಿ ಎಂದು ಕೇಳೋಣ. ಪತ್ರವನ್ನು ಕನ್ನಡದಲ್ಲೇ ಬರೆದಿದ್ದೇವೆ, ಒಂದೇ ಪುಟ. ವುಝೂ ಮಾಡುವ ಜಾಗದ ಪಕ್ಕದ ಮೇಜಿನ ಮೇಲಿದೆ. ಓದಿ ಒಪ್ಪಿಗೆಯಾದರೆ ಮಾತ್ರ ಸಹಿ ಹಾಕಿ, ಹೆಸರು ವಿಳಾಸ ಪೂರ್ತಿ ಬರೆಯಿರಿ. ತಾಯಂದಿರಿಗೆ ಮೇಲೆ ಪ್ರತ್ಯೇಕ ಹಾಳೆ ಇದೆ. ಮನೆಯ ಗಂಡಸರು ಅವರ ಪರವಾಗಿ ಸಹಿ ಹಾಕುವುದು ಬೇಡ.

ಎರಡನೆಯದು, ಒಂದು ಭಾನುವಾರ ಫ್ರೀಡಂ ಪಾರ್ಕಿನಲ್ಲಿ ಎರಡು ಗಂಟೆ ಮೌನವಾಗಿ ಕೂರುವುದು. 2021ರ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಜಾಗ ಅದೊಂದೇ. ನಗರದ ಅಷ್ಟೂ ಜನರ ನೋವಿಗೆ ಒಂದೇ ಮೂಲೆ ಎಂಬುದು ನನಗೆ ಸರಿಕಾಣದು, ಆದರೆ ಕಾನೂ ಮೀರಿ ಹುಡುಗರ ಮೇಲೆ ಕೇಸು ಹಾಕಿಸಿಕೊಳ್ಳುವುದೂ ಸರಿಯಲ್ಲ. ಅನುಮತಿಗೆ ಅರ್ಜಿ ಕೊಟ್ಟಿದ್ದೇವೆ, ಸಿಕ್ಕಿದ ಮೇಲೆ ದಿನಾಂಕ ತಿಳಿಸುತ್ತೇವೆ. ಅದು ಹಳೆಯ ಸೆಂಟ್ರಲ್ ಜೈಲು, ತುರ್ತುಪರಿಸ್ಥಿತಿಯಲ್ಲಿ ದೊಡ್ಡ ದೊಡ್ಡವರನ್ನು ಇಟ್ಟಿದ್ದ ಜಾಗ, ಮಕ್ಕಳಿಗೆ ತೋರಿಸಿದಂತೆಯೂ ಆಗುತ್ತದೆ. ಕೆಂಗೇರಿಯಿಂದ ನೇರಳೆ ಮೆಟ್ರೋ ಹಿಡಿದರೆ ವಿಜಯನಗರ, ಮೆಜೆಸ್ಟಿಕ್ ದಾಟಿ ವಿಶ್ವೇಶ್ವರಯ್ಯ ನಿಲ್ದಾಣದಲ್ಲಿ ಇಳಿದು ನಡೆಯಬಹುದು. ರಾಜಾಜಿನಗರದವರು ಮೆಜೆಸ್ಟಿಕ್‌ನಲ್ಲಿ ಬದಲಿಸಿ. ಮುಸ್ಲಿಮರಷ್ಟೇ ಬಂದರೆ ಕೆಲಸ ಅರ್ಧವಾಗುತ್ತದೆ. ನಿಮ್ಮ ಪಕ್ಕದ ಮನೆಯವರನ್ನು, ಜೊತೆಗೆ ಕೆಲಸ ಮಾಡುವವರನ್ನು ಕರೆಯಿರಿ. ಬಸವೇಶ್ವರನಗರದ ಒಬ್ಬ ನಿವೃತ್ತ ಮೇಷ್ಟ್ರು ಈಗಾಗಲೇ ಬರುತ್ತೇನೆ ಎಂದಿದ್ದಾರೆ. ಸಾಧ್ಯವಾದರೆ ಹಕ್ಕಿಪಿಕ್ಕಿ ಸಮುದಾಯದವರೂ ಬರುವಂತೆ ಕೇಳಿಕೊಳ್ಳಬೇಕೆಂದಿದ್ದೇವೆ. ಎಲ್ ಫಾಶರ್ ಬೀದಿಗಳನ್ನು ಕಣ್ಣಾರೆ ಕಂಡ ಕನ್ನಡಿಗರು ಅವರೇ. ಘೋಷಣೆ ಬೇಡ, ಯಾವ ದೇಶದ, ಪಕ್ಷದ ಬಾವುಟವೂ ಬೇಡ. ಅಲ್ಲಿ ಊರುಗಳ ಹೆಸರು ಬರೆದ ಹಾಳೆ ಹಿಡಿದರೆ ಸಾಕು.

ಹಣದ ಬಗ್ಗೆ ಕೆಲವರು ಕೇಳಿದ್ದೀರಿ. ಇಲ್ಲಿ ಡಬ್ಬಿ ಇಡುವುದಿಲ್ಲ. ಯಾರ ಕೈಗೂ ನಗದು ಕೊಡಬೇಡಿ, 'ಸುಡಾನಿಗೆ ಕಳಿಸುತ್ತೇನೆ' ಎಂದು ಯಾರು ಬಂದರೂ ಕೊಡಬೇಡಿ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗೆ ಭಾರತದಲ್ಲೂ ಕಚೇರಿ ಇದೆ, ರಸೀದಿ ಪಡೆದು ನೇರವಾಗಿ ಕೊಡಿ.

ಕೊನೆಯದಾಗಿ, ಇದು ಒಂದು ಜುಮಾದ ಕೆಲಸವಲ್ಲ. ಲೈಬೀರಿಯಾದ ಹೆಂಗಸರ ಆರು ತಿಂಗಳನ್ನು ನೆನಪಿಟ್ಟುಕೊಳ್ಳಿ. ಪ್ರತಿ ತಿಂಗಳ ಮೊದಲ ಜುಮಾದಂದು ಸಂಸದರಿಂದ ಉತ್ತರ ಬಂತೇ ಇಲ್ಲವೇ, ಅಲ್ಲಿ ಏನಾಗಿದೆ ಎಂದು ಐದು ನಿಮಿಷ ಇಲ್ಲಿ ಓದುತ್ತೇವೆ. ಉತ್ತರ ಬರದಿದ್ದರೆ ಬರಲಿಲ್ಲ ಎಂದೇ ಓದುತ್ತೇವೆ. ನಾನು ಮರೆತರೆ ಎದ್ದು ನಿಂತು ನೆನಪಿಸುವ ಹಕ್ಕು ನಿಮಗಿದೆ, ನಮಾಝ್ ಮುಗಿದ ಮೇಲೆ.

ಗಾಝಾವನ್ನು ಬಿಟ್ಟು ಸುಡಾನ್ ಹಿಡಿಯಿರಿ ಎಂದು ನಾನು ಹೇಳಿದೆನೆಂದು ಯಾರೂ ತಿಳಿಯಬಾರದು. ಅಲ್ಲಿ ಅಕ್ಟೋಬರ್ 10ರಂದು ಕದನ ವಿರಾಮ ಬಂತು ಎಂದರು, ಆಮೇಲೂ ಜನಾಝಾಗಳು ನಿಂತಿಲ್ಲ. ಒಂದು ದುಆದಲ್ಲಿ ಎರಡು ಹೆಸರಿಗೆ ಜಾಗವಿದೆ.

ಈಗ ಇಕಾಮತ್‌ಗೆ ಹೊತ್ತಾಯಿತು. ದುಆಗಾಗಿ ಊರುಗಳ ಹೆಸರನ್ನು ಆ ಹುಡುಗನೇ ಬರೆದು ಕೊಟ್ಟಿದ್ದಾನೆ, ನನ್ನ ಉಚ್ಚಾರಣೆ ತಪ್ಪಿದರೆ ಕ್ಷಮಿಸಲಿ. ಎಲ್ ಫಾಶರ್. ತವಿಲಾ. ನ್ಯಾಲಾ. ಅಲ್ ಉಬೈಯಿದ್. ಕಾದುಗ್ಲಿ. ದಿಲ್ಲಿಂಜ್. ಖಾರ್ತೂಮ್. ಚೀಟಿಯ ಕೆಳಗೆ ಇನ್ನೊಂದು ಹೆಸರಿದೆ, ಊರಿನದ್ದಲ್ಲ, ಅವನ ತಾಯಿಯದ್ದು. ಅದನ್ನು ನಾನು ಮನಸ್ಸಿನಲ್ಲಿ ಹೇಳುತ್ತೇನೆ, ನೀವು ಆಮೀನ್ ಎನ್ನಿ.